ಕೋಟು ತೊಟ್ಟ ತಾಯಿ ಕಾಣೆಯಾಗಿದ್ದಾರೆ

ಮೋ ಹಾಕ್‌ಸುವಿನ ಮುಖವನ್ನು ನಾನು ಎಷ್ಟು ಸಲ ಹಿಗ್ಗಿಸಿ ಅಚ್ಚು ಹಾಕಿದ್ದೇನೋ ನನಗೇ ಗೊತ್ತಿಲ್ಲ. ನಮ್ಮ ಪೇಟೆಯಲ್ಲಿ ಬ್ಯಾನರ್ ಮಾಡುವ ಅಂಗಡಿ ನನ್ನದೊಂದೇ. ಯಾರ ಮಗ ಸಿಯೋಲಿನ ದೊಡ್ಡ ಕಾಲೇಜಿಗೆ ಸೇರಿದ, ಯಾರ ಅಳಿಯನಿಗೆ ಸರ್ಕಾರಿ ಕೆಲಸದಲ್ಲಿ ಬಡ್ತಿ ಸಿಕ್ಕಿತು, ಯಾರ ಹಂದಿ ಫಾರ್ಮು ಊರಿಗೆ ಬೇಡ, ಎಲ್ಲವೂ ನನ್ನ ಯಂತ್ರದಿಂದ ಹೊರಬಿದ್ದು ನಾಲ್ಕು ರಸ್ತೆ ಕೂಡುವ ಕಡೆ ಹಗ್ಗಕ್ಕೆ ನೇತಾಡಬೇಕು. ಕೊರಿಯಾದ ಈ ದಕ್ಷಿಣ ಕರಾವಳಿಯ ಜನ ಕಿವಿಯಲ್ಲಿ ಕೇಳಿದ್ದನ್ನು ನಂಬುವುದಿಲ್ಲ, ಬಟ್ಟೆಯ ಮೇಲೆ ಬಣ್ಣದಲ್ಲಿ ಕಂಡದ್ದನ್ನು ನಂಬುತ್ತಾರೆ. ಹಾಗಾಗಿ ನನ್ನ ಹೊಟ್ಟೆಪಾಡು ನಡೆಯುತ್ತಿದೆ.

ಹಾಕ್‌ಸು ನನ್ನ ಖಾಯಂ ಗಿರಾಕಿ. ಹೊಸ ವರ್ಷಕ್ಕೆ ಶುಭಾಶಯ, ಸುಗ್ಗಿ ಹಬ್ಬಕ್ಕೆ ಶುಭಾಶಯ, ಕಾಲೇಜು ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೆ ಶುಭಾಶಯ, ಎಲ್ಲದರ ಬಲತುದಿಯಲ್ಲೂ ಅವನ ಮುಖ. ಹೋದ ಶರತ್ಕಾಲದಲ್ಲಿ ಬಂದವನು, "ಹೆತ್ತವರ ಸೇವೆಯಲ್ಲಿ ಆದರ್ಶ ಪುತ್ರ ಮೋ ಹಾಕ್‌ಸು ಅವರಿಗೆ ಹಾರ್ದಿಕ ಅಭಿನಂದನೆ, ಇಂತಿ ಹುಟ್ಟೂರಿನ ಗೆಳೆಯರ ಬಳಗ" ಎಂದು ದೊಡ್ಡದೊಂದು ಬ್ಯಾನರ್ ಬರೆಸಿದ. ಗೆಳೆಯರ ಬಳಗದಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದೆ.

"ಇರ್ತಾರೆ ಬಿಡಕ್ಕ, ಹೆಸರು ಯಾಕೀಗ? ನೀನೂ ಗೆಳೆಯರ ಪೈಕಿ ತಾನೆ?" ಅಂದ.

"ನಾನು ನಿನಗಿಂತ ಎಷ್ಟು ದೊಡ್ಡೋಳು ಅಂತ ಗೊತ್ತಾ? ನಿನ್ನ ಮೂಗು ಒರೆಸಿದೋಳು ಕಣೋ ನಾನು."

"ಹಂಗಾದ್ರೆ ಹಿರಿಯರ ಬಳಗ ಅಂತಾನೂ ಒಂದು ಮಾಡಿಬಿಡು. ಸೇತುವೆ ಹತ್ರ ಜಾಗ ಖಾಲಿ ಇದೆ."

ಅವನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಮೂವರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಗಂಡು ಹಾಕ್‌ಸು. ತಾಯಿ ಓಕ್ ಮಲ್‌ಸುನ್. ಆಕೆಯದು, ಇನ್ನು ಹೆಣ್ಣು ಸಾಕು ಎಂದು ಹಿಂದಿನವರು ಕೊನೆಯ ಮಗಳಿಗೆ ಇಡುತ್ತಿದ್ದ ಹೆಸರು. ಘಾಟಿಯ ಆಚೆ ಬದಿಯ ಕಡಲಪೇಟೆಯಿಂದ ಮದುವೆಯಾಗಿ ಬಂದು, ಬಂದ ದಿನದಿಂದ ಬೆಳ್ಳುಳ್ಳಿ ಗದ್ದೆಯಲ್ಲಿ ಕೂತವಳು ಗಂಡ ಸತ್ತ ಮೇಲೂ ಎದ್ದಿರಲಿಲ್ಲ. ಅಕ್ಕಂದಿರು ಮೂವರೂ ಬಟ್ಟೆ ಕಾರ್ಖಾನೆಗೆ ಹೋಗಿ ದುಡಿದು ತಮ್ಮನನ್ನು ಓದಿಸಿದರು. ತಮ್ಮ ಓದಿದ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಶಾಲೆಯಲ್ಲಿ ತರಗತಿಯ ನಾಯಕನಾಗಿದ್ದ, ಅದು ನಿಜ. ಸೈನ್ಯದ ಕಡ್ಡಾಯ ಸೇವೆಗೆ ಹೋದಾಗಲೂ ಬಂದೂಕಿಗಿಂತ ಹೆಚ್ಚಾಗಿ ಕಚೇರಿಯ ಮೇಜನ್ನೇ ಕಾದನಂತೆ. ನಗರದಲ್ಲಿ ಜನ ದುಡ್ಡು ಕೊಟ್ಟು ಮೈಕು ಹಿಡಿದು ಹಾಡುವ ಒಂದು ಕರಿಯೋಕಿ ಅಂಗಡಿ ತೆರೆದು ಮುಚ್ಚಿದ, ಆಮೇಲೆ ಒಂದು ಕೋಳಿ ಹುರಿಯುವ ಅಂಗಡಿ ತೆರೆದು ಮುಚ್ಚಿದ. ಊರಿಗೆ ವಾಪಸಾಗಿ ಬೆಳ್ಳುಳ್ಳಿ ಇಡುವ ಶೀತಲ ಗೋದಾಮು ಕಟ್ಟಿದ ಮೇಲೆ ನಾಲ್ಕು ಕಾಸು ಕೈಗೆ ಬಂತು. ಹೆಂಡತಿ ಮಕ್ಕಳ ಓದಿನ ನೆಪ ಹೇಳಿ ನಗರದಲ್ಲೇ ಉಳಿದಳು, ಅವಳಿಗೆ ಬುದ್ಧಿ ಇದೆ.

ಊರಲ್ಲಿ ಕುರ್ಚಿ ಇರುವ ಸಂಘ ಎಲ್ಲಿದ್ದರೂ ಹಾಕ್‌ಸು ಅಲ್ಲಿಗೆ ಹೋಗಿ ಕೂತ. ಹಳೆ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ, ಬೆಂಕಿ ಆರಿಸುವ ಸ್ವಯಂಸೇವಕರ ನಾಯಕ, ಬೆಳ್ಳುಳ್ಳಿ ಬೆಳೆಗಾರರ ಉಪಾಧ್ಯಕ್ಷ. ಈಗ ಅವನ ಕಣ್ಣು ಕೃಷಿ ಸಹಕಾರ ಸಂಘದ ಅಧ್ಯಕ್ಷಗಿರಿಯ ಮೇಲೆ. ವಸಂತದಲ್ಲಿ ಚುನಾವಣೆ. ಗೊಬ್ಬರ, ಸಾಲ, ಮಾರ್ಟು, ಬ್ಯಾಂಕು ಎಲ್ಲವೂ ಆ ಸಂಘದ ಕೈಯಲ್ಲಿರುವುದರಿಂದ ಅದರ ಅಧ್ಯಕ್ಷನೆಂದರೆ ನಮ್ಮಲ್ಲಿ ಚಿಕ್ಕ ಅರಸನೇ. ಮತ ಹಾಕುವವರು ಮುಕ್ಕಾಲು ಪಾಲು ಮುದುಕ ಮುದುಕಿಯರು. ಅವರ ಮನಸ್ಸು ಗೆಲ್ಲುವುದಕ್ಕೆ ತಾಯಿಯ ಸೇವೆ ಮಾಡುವ ಮಗನಿಗಿಂತ ಒಳ್ಳೆಯ ವೇಷ ಇಲ್ಲ ಎಂದು ಅವನಿಗೆ ಹೊಳೆದದ್ದು ಎರಡು ವರ್ಷದ ಕೆಳಗೆ, ಮಲ್‌ಸುನ್‌ಗೆ ಮರೆವಿನ ಕಾಯಿಲೆ ಎಂದು ವೈದ್ಯರು ಹೇಳಿದ ವಾರದಲ್ಲೇ.

ಅವನು ಕೆಟ್ಟವನಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಾಯಿಯ ಕಣ್ಣಿನ ಪೊರೆ ತೆಗೆಸಿದ. ಹಿತ್ತಿಲ ಹಳೆ ಮನೆಗೆ ಹೊಸ ಬಾಯ್ಲರ್ ಹಾಕಿಸಿ ನೆಲ ಬೆಚ್ಚಗಿರುವಂತೆ ಮಾಡಿದ. ತಾನು ಮುಂದಿನ ಎರಡಂತಸ್ತಿನ ಮನೆಯಲ್ಲಿರುತ್ತಾನೆ, ತಾಯಿ ಹಿಂದಿನ ಮನೆಯಲ್ಲಿ, ನಡುವೆ ಒಂದೇ ಅಂಗಳ. ವಾರದ ದಿನಗಳಲ್ಲಿ ಸರ್ಕಾರದ ಕಡೆಯಿಂದ ಆರೈಕೆಯ ಹೆಂಗಸು ಬರುತ್ತಾಳೆ, ಊಟ ಡಬ್ಬಿಯಲ್ಲಿ ಹೋಟೆಲಿನಿಂದ ಬರುತ್ತದೆ. ಎಲ್ಲವನ್ನೂ ಮಾಡಿಸಿದ್ದಾನೆ. ಅಂಗಳ ದಾಟುವುದೊಂದನ್ನು ಮಾತ್ರ ಯಾರಿಂದಲೂ ಮಾಡಿಸಲಾಗುವುದಿಲ್ಲವಲ್ಲ, ಅದು ಹಾಗೇ ಉಳಿದಿತ್ತು.

ಆ ಬ್ಯಾನರಿಗೆ ಕಾರಣವಾದ ಆದರ್ಶ ಪುತ್ರ ಪ್ರಶಸ್ತಿ ಕೊಡುವ ದಿನ ತಾಯಿಗೆ ಒಂದು ಕೋಟು ತಂದ. ಕೆನೆಬಣ್ಣದ ಉದ್ದನೆ ಉಣ್ಣೆ ಕೋಟು, ಕಂದು ತುಪ್ಪಳದ ಟೋಪಿ, ಕಪ್ಪು ಚರ್ಮದ ಬೂಟು. ಮಲ್‌ಸುನ್ ಅದರೊಳಗೆ ನಿಂತಾಗ ಯಾರೋ ಬಾಡಿಗೆಗೆ ತಂದ ಅಜ್ಜಿಯ ಹಾಗೆ ಕಂಡಳು. ಅದೇ ಫೋಟೋ ನನ್ನ ಬ್ಯಾನರಿಗೆ ಬಂತು. ಮರೆವಿನವರ ಬಟ್ಟೆಗೆ ಇಸ್ತ್ರಿಯಲ್ಲಿ ಅಂಟಿಸುವ ಗುರುತಿನ ಚೀಟಿಗಳನ್ನು ಆರೋಗ್ಯ ಕೇಂದ್ರದವರು ಒಂದು ಕಟ್ಟು ಕೊಟ್ಟಿದ್ದರು. ಚೀಟಿಯ ಮೇಲಿನ ಸಂಖ್ಯೆ ಹೇಳಿದರೆ ಪೊಲೀಸರಿಗೆ ಮನೆ ಯಾವುದೆಂದು ತಿಳಿಯುತ್ತದೆ. ಹಾಕ್‌ಸು ಒಂದನ್ನು ಕೋಟಿನ ಒಳಗೆ ಅಂಟಿಸುವ ವಿಡಿಯೋ ಮಾಡಿ ಊರಿನ ಫೋನ್ ಗುಂಪಿಗೆ ಕಳಿಸಿದ. ನೋಡಿದವರು ಅಳುವ ಮುಖದ ಗೊಂಬೆಗಳನ್ನು ಕಳಿಸಿ ಮೆಚ್ಚಿದರು. ಉಳಿದ ಚೀಟಿಗಳು ಎಲ್ಲಿ ಹೋದವೋ, ಕೋಟು ಮಾತ್ರ ನುಸಿಗುಳಿಗೆಯ ಜೊತೆ ಬೀರು ಸೇರಿತು. ಒಳ್ಳೆಯ ಬಟ್ಟೆ ಹೊರಗಿನವರ ಕಣ್ಣಿಗೆ, ಹರಿದದ್ದು ಮನೆಗೆ, ಇದು ನಮ್ಮ ಊರಿನ ಎಲ್ಲರ ಮನೆಯ ಕಟ್ಟಳೆ. ನನ್ನ ಬೀರುವಿನಲ್ಲೂ ಹಾಗೇ ಕೊಳೆಯುತ್ತಿರುವ ಒಂದು ರೇಷ್ಮೆ ಇದೆ.

ಇಲ್ಲಿ ಮರೆವಿನ ಮುದುಕರು ದಾರಿ ತಪ್ಪಿದರೆ ಪೊಲೀಸರು ಇಡೀ ಜಿಲ್ಲೆಯ ಫೋನುಗಳಿಗೆ ಸಂದೇಶ ಬಿಡುತ್ತಾರೆ. ಮನೆತನದ ಹೆಸರೊಂದನ್ನು ಬಿಟ್ಟು ಉಳಿದ ಹೆಸರಿನ ಜಾಗಕ್ಕೆ ಸೊನ್ನೆ ಹಾಕಿ ಮಾನ ಕಾಯುತ್ತಾರೆ, ತೂಕವನ್ನು ಮಾತ್ರ ಊರಿಗೆಲ್ಲ ಸಾರುತ್ತಾರೆ. ಆಮೇಲೆ ಬಟ್ಟೆಯ ವಿವರ. ಅದನ್ನು ಓದಿದರೆ ನನಗೆ ನಗು ಬರುತ್ತದೆ, ಏಕೆಂದರೆ ಪ್ರತಿ ಸಲವೂ ಅದೇ: ಹತ್ತಿ ತುಂಬಿದ ತೋಳಿಲ್ಲದ ನೇರಳೆ ಜಾಕೆಟ್ಟು, ದೊಡ್ಡ ಹೂವಿನ ದೊಗಳೆ ಪೈಜಾಮ, ಗುಂಗುರು ಮಾಡಿಸಿದ ಗಿಡ್ಡ ಕೂದಲು. ನಮ್ಮ ಜಿಲ್ಲೆಯ ಅಜ್ಜಿಯರಿಗೆಲ್ಲ ಅದೇ ಸಮವಸ್ತ್ರ. ಹೋದ ವರ್ಷ ಅಂಥ ಸಂದೇಶವೊಂದು ಬಂದಾಗ ಪುಣ್ಯಾತ್ಮರು ಮೂವರು ಅಜ್ಜಿಯರನ್ನು ಅವರವರ ಗದ್ದೆಯಿಂದಲೇ ಹಿಡಿದು ಠಾಣೆಗೆ ತಂದಿದ್ದರು. ಇನ್ನೊಂದು ತಮಾಷೆಯೂ ಉಂಟು. ಹೆಂಡತಿ ಬೆಳಿಗ್ಗೆ ಯಾವ ಬಣ್ಣದ ಅಂಗಿ ತೊಟ್ಟಳೆಂದು ಹೇಳಲಾರದ ಗಂಡಸರ ಹತ್ತಿರ ಪೊಲೀಸರು ತಾಯಿಯ ಕಾಲುಚೀಲದ ಬಣ್ಣ ಕೇಳುತ್ತಾರೆ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಹಾಕ್‌ಸು ನನ್ನ ಅಂಗಡಿಗೆ ಬಂದ. ಕೈ ಕುಲುಕಲಿಲ್ಲ. ಅದರಲ್ಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

"ಅಕ್ಕ, ಅಮ್ಮ ಈ ಕಡೆ ಏನಾದ್ರೂ ಬಂದಿದ್ರಾ?"

"ಇಲ್ವಲ್ಲ. ಯಾಕೆ?"

"ಏನಿಲ್ಲ, ಸುಮ್ನೆ. ವಾಕಿಂಗ್ ಹೋಗಿರ್ಬೇಕು."

ಹೊರಗೆ ನಲ್ಲಿಯ ನೀರು ಹೆಪ್ಪುಗಟ್ಟಿ ನಿಂತಿತ್ತು. ಸಮುದ್ರದ ಕಡೆಯಿಂದ ಬರುವ ಗಾಳಿಗೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಚಳಿ. ಈ ಚಳಿಯಲ್ಲಿ ಮರೆವಿನ ಮುದುಕಿ ವಾಕಿಂಗ್ ಹೋಗಿದ್ದಾಳಂತೆ. ಬಿಡಿಸಿ ಕೇಳಿದಾಗ ಸತ್ಯ ಹೊರಬಂತು. ಸಹಕಾರ ಸಂಘದ ಹಿರಿಯರು ನಾಲ್ಕೈದು ಜನ ಹೊಸ ವರ್ಷದ ನೆಪದಲ್ಲಿ ಮಾತಾಡಿಸಲು ಬಂದಿದ್ದರು. ತಾಯಿಯನ್ನು ತೋರಿಸೋಣವೆಂದು ಹಿಂದಿನ ಮನೆಯ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ, ಹಾಸಿಗೆ ತಣ್ಣಗೆ ಕೊರೆಯುತ್ತಿತ್ತು. ಹಿರಿಯರಿಗೆ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾರೆ ಎಂದು ಹೇಳಿ ಸಾಗಹಾಕಿ, ಇಲ್ಲಿಗೆ ಓಡಿ ಬಂದಿದ್ದ.

"ಪೊಲೀಸ್‌ಗೆ ಹೇಳಿದ್ಯಾ?"

"ಅಯ್ಯೋ ಅಕ್ಕ, ಹೇಳಿದ್ರೆ ಜಿಲ್ಲೆಗೆಲ್ಲ ಫೋನ್ ಬಡ್ಕೊಳ್ಳುತ್ತೆ. ಆದರ್ಶ ಪುತ್ರನ ಅಮ್ಮ ಕಳೆದೋದ್ಲು ಅಂತ ಎದುರು ಪಾರ್ಟಿಯೋರು ಆಡ್ಕೊಂಡು ನಗ್ತಾರೆ."

"ಅವಳು ಚಳಿಗೆ ಸೆಟೆದು ಬಿದ್ರೆ ಆಗ ಆಡ್ಕೊಳಲ್ವಾ?"

"ನಮ್ಮ ಹುಡುಗ್ರನ್ನ ಬಿಟ್ಟಿದ್ದೀನಿ. ಮಧ್ಯಾಹ್ನದೊಳಗೆ ಸಿಕ್ತಾರೆ."

ಅವನ ಹುಡುಗರು ಎಂದರೆ ಅರವತ್ತು ದಾಟಿದವರು, ಪೋಸ್ಟರ್ ಅಂಟಿಸುವುದರಲ್ಲಿ ನಿಸ್ಸೀಮರು. ಮಧ್ಯಾಹ್ನದ ಹೊತ್ತಿಗೆ ಅವರು ಒಬ್ಬರನ್ನೊಬ್ಬರು ಹುಡುಕುತ್ತಿದ್ದರು. ನನಗೆ ಸಹನೆ ಮೀರಿತು. ಅವನು ಮತ್ತೆ ಅಂಗಡಿಗೆ ಬಂದಾಗ, ಪೊಲೀಸರಿಗೆ ನೀನು ಹೇಳುತ್ತೀಯೋ ನಾನು ಹೇಳಲೋ ಎಂದು ಫೋನ್ ಕೈಗೆತ್ತಿಕೊಂಡೆ. ಹಾಕ್‌ಸು ಅಂಗಡಿಯಿಂದ ಹೊರಗೆ ಹೋಗಿ, ನನ್ನ ಲಾರಿಯ ಮರೆಗೆ ನಿಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಠಾಣೆಗೆ ಮಾತಾಡಿದ. ಏನು ಹೇಳಿದನೋ ಕೇಳಿಸಲಿಲ್ಲ. ಮುಗಿಸಿ ಬಂದು, ಊರಾಚೆಯ ಬಿಸಿನೀರ ಬುಗ್ಗೆಯ ಹತ್ತಿರ ನೋಡುತ್ತೇನೆಂದು ಕಾರು ಹತ್ತಿ ಹೋದ.

ಸ್ವಲ್ಪ ಹೊತ್ತಿಗೆ ಪೇಟೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ನನ್ನದೂ ಕಿರುಚಿತು. ಕನ್ನಡಕ ಹಾಕಿಕೊಂಡು ಓದಿದೆ.

"ಕಾಣೆಯಾಗಿದ್ದಾರೆ: ಓಕ್ ೦೦, ಹೆಂಗಸು, 81 ವರ್ಷ, ಎತ್ತರ 150 ಸೆಂ.ಮೀ., ತೂಕ 52 ಕಿಲೋ. ಕೆನೆಬಣ್ಣದ ಉದ್ದ ಉಣ್ಣೆ ಕೋಟು, ಕಂದು ತುಪ್ಪಳದ ಟೋಪಿ, ಕಪ್ಪು ಚರ್ಮದ ಬೂಟು. ಕಂಡವರು ಪೊಲೀಸರಿಗೆ ತಿಳಿಸಿ."

ತಲೆ ಎತ್ತಿದರೆ ಎದುರಿಗೇ ನಾಲ್ಕು ರಸ್ತೆ ಕೂಡುವ ಜಾಗ. ಅಲ್ಲಿ ನನ್ನದೇ ಬ್ಯಾನರ್. ಅದರಲ್ಲಿ ಮಲ್‌ಸುನ್, ಕೆನೆಬಣ್ಣದ ಕೋಟು, ಕಂದು ಟೋಪಿ, ಕಪ್ಪು ಬೂಟು. ನನ್ನ ಮೈ ಉರಿದುಹೋಯಿತು. ಬಿರುಗಾಳಿಗೆ ಹಾರಿಹೋಗುವಷ್ಟು ಸಣ್ಣಗಾಗಿದ್ದ ಮುದುಕಿಗೆ ಐವತ್ತೆರಡು ಕಿಲೋ ತೂಕವನ್ನೂ ದಯಪಾಲಿಸಿದ್ದ, ತಾಯಿಗೆ ಸರಿಯಾಗಿ ಊಟ ಹಾಕುತ್ತಿಲ್ಲ ಎಂದು ಯಾರೂ ಅನ್ನದಿರಲಿ ಎಂದು. ಕೂಡಲೇ ಫೋನ್ ಮಾಡಿದೆ.

"ಲೋ ಹಾಕ್‌ಸು, ಪೊಲೀಸ್‌ಗೆ ನಿಮ್ಮಮ್ಮನ್ನ ಹುಡುಕಿ ಅಂದ್ಯೋ, ನನ್ನ ಬ್ಯಾನರ್ ಹುಡುಕಿ ಅಂದ್ಯೋ?"

"ಮತ್ತೇನ್ ಹೇಳ್ಲಿ ಅಕ್ಕ? ಹರ್ಕಲು ಜಾಕೆಟ್ಟು ಅಂತ ಹೇಳಕ್ಕಾಗುತ್ತಾ ಊರ ಮುಂದೆ?"

"ಹರ್ಕಲು ಹಾಕಿದ್ರೆ ಹರ್ಕಲು ಅಂತ ಹೇಳ್ಬೇಕು. ಇವತ್ತು ಏನ್ ಹಾಕಿದ್ಲು?"

ಅವನ ಕಾರಿನ ಹೀಟರ್ ಗುಯ್‌ಗುಟ್ಟುವುದು ಕೇಳಿಸುತ್ತಿತ್ತು.

"ಹಾಕ್‌ಸು, ಕಡೇ ಸಲ ನಿಮ್ಮಮ್ಮನ್ನ ನೋಡಿದ್ದು ಯಾವಾಗ?"

"ಊಟ ದಿನಾ ಹೋಗುತ್ತಲ್ಲ ಅಕ್ಕ."

"ಊಟ ಹೋಗೋದು ಕೇಳ್ಲಿಲ್ಲ. ನೀನು ಯಾವಾಗ ಹೋಗಿದ್ದೆ?"

"ಚುನಾವಣೆ ಓಡಾಟ ಅಕ್ಕ. ಗೊತ್ತಿಲ್ಲ. ನಂಗೆ ನೆನಪಾಗ್ತಿಲ್ಲ," ಅಂದ. ಮರೆವಿನ ಕಾಯಿಲೆ ಆ ಮನೆಯಲ್ಲಿ ಯಾರಿಗೆ ಎಂದು ವೈದ್ಯರು ಇನ್ನೊಮ್ಮೆ ನೋಡಬೇಕಿತ್ತು.

ಠಾಣೆಗೆ ಫೋನ್ ಮಾಡಿ ವಿವರ ತಪ್ಪು, ಬದಲಾಯಿಸಿ ಎಂದೆ. ಅಲ್ಲಿದ್ದ ಗಿಲ್ ಎಂಬ ಅಧಿಕಾರಿ ಒಳ್ಳೆಯವನು, ನನ್ನ ತಮ್ಮನ ಸಹಪಾಠಿ. "ಬದಲಾಯಿಸಬಹುದು ಅಕ್ಕ, ಮನೆಯೋರೇ ಹೇಳ್ಬೇಕು. ಮೇಲಿನೋರ ಒಪ್ಪಿಗೇನೂ ಬೇಕು. ಏನಂತ ಬದಲಾಯಿಸ್ಲಿ?" ಎಂದು ಕೇಳಿದ. ನಾನು ಹಾಕ್‌ಸುವಿನ ಮನೆಗೆ ಹೋಗಿ ಹಿಂದಿನ ಮನೆಯ ಬೀರು ತೆಗೆದೆ. ಕೋಟು ಒಂದು ಸುಕ್ಕೂ ಇಲ್ಲದೆ ನೇತಾಡುತ್ತಿತ್ತು. ಗುರುತಿನ ಚೀಟಿ ಒಳಗೆ ಭದ್ರವಾಗಿ ಅಂಟಿಕೊಂಡಿತ್ತು. ಬೂಟು ಡಬ್ಬಿಯಲ್ಲಿತ್ತು. ಹೊಸ್ತಿಲ ಹತ್ತಿರ ಯಾವಾಗಲೂ ಇರುತ್ತಿದ್ದ ರಬ್ಬರ್ ಚಪ್ಪಲಿಗಳು ಇರಲಿಲ್ಲ.

ಕೋಟನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಾಗ ಹಾಕ್‌ಸು ಅಂಗಳದಲ್ಲಿ ನಿಂತಿದ್ದ. ಕೋಟನ್ನು ನೋಡಿದವನು ಹಾಗೇ ಮೆಟ್ಟಿಲ ಮೇಲೆ ಕುಸಿದ.

"ಅಕ್ಕ, ಸತ್ತೋಗಿದ್ರೆ?"

ಅವನು ಅಳುವುದನ್ನು ನಾನು ಮೊದಲೂ ನೋಡಿದ್ದೇನೆ. ಅಪ್ಪನ ಸಾವಿನಲ್ಲಿ, ಪ್ರಶಸ್ತಿ ತೆಗೆದುಕೊಳ್ಳುವಾಗ, ಎರಡು ಸಲವೂ ಎಲ್ಲರಿಗೂ ಕೇಳುವಂತೆ ಅತ್ತಿದ್ದ. ಈ ಸಲ ಶಬ್ದವಿರಲಿಲ್ಲ, ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನಗೆ ಬೈಯುವ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತೆ.

ಆಗ ಗಿಲ್ ಫೋನ್ ಮಾಡಿದ. ಘಾಟಿಯ ಆಚೆಯ ಕಡಲಪೇಟೆಯಲ್ಲಿ, ಅಂದರೆ ಹಾಕ್‌ಸುವಿನ ತಾಯಿಯ ತವರಿನಲ್ಲಿ, ಅಂದು ಸಂತೆ. ಅಲ್ಲಿ ಸಾರು ಮಾರುವ ಬೊಂಗ್‌ಜಾ ಎಂಬ ಹೆಂಗಸು ಠಾಣೆಗೆ ಫೋನ್ ಮಾಡಿದ್ದಳಂತೆ. ಅವಳು ಹೇಳಿದ್ದನ್ನು ಗಿಲ್ ಹಾಗೇ ಒಪ್ಪಿಸಿದ: "ನೀವು ಹುಡುಕ್ತಿರೋ ಅಮ್ಮ ಇಲ್ಲಿಲ್ಲ ಸ್ವಾಮಿ. ಯಾರೂ ಹುಡುಕದೇ ಇರೋ ಒಂದು ಅಜ್ಜಿ ಇದೆ. ಇದರದ್ದೂ ಒಂದು ಮೆಸೇಜ್ ಕಳ್ಸಿ."

ಇಬ್ಬರೂ ನನ್ನ ಲಾರಿ ಹತ್ತಿದೆವು. ಏಣಿ, ಹಗ್ಗ, ಸುತ್ತಿಟ್ಟ ಬ್ಯಾನರುಗಳ ನಡುವೆ ಕೋಟನ್ನು ಇಟ್ಟೆ. ಘಾಟಿ ಹತ್ತುವಾಗ ಸಣ್ಣಗೆ ಹಿಮ ಬೀಳತೊಡಗಿತು. ದಾರಿಯಲ್ಲಿ ಬಸ್ಸಿನ ಚಾಲಕ ಎದುರಾದ, ನಿಲ್ಲಿಸಿ ಕೇಳಿದೆ.

"ಬೆಳಿಗ್ಗೆ ಒಂದು ಮುದುಕಿ ಹತ್ತಿತ್ತು ಕಣಕ್ಕ. ಅದು ಕೋಟಿನ ಅಮ್ಮ ಅಲ್ಲ ಬಿಡಿ. ಯಾವುದೋ ಕೂಲಿ ಅಜ್ಜಿ, ಟಿಕೆಟಿಗೂ ಗತಿ ಇರ್ಲಿಲ್ಲ. ಪಾಪ ಅಂತ ಕೂರಿಸ್ಕೊಂಡೆ," ಅಂದ. ಮೆಸೇಜು ಬಂದಿದ್ದನ್ನು ತಾನು ಎರಡು ಸಲ ಓದಿ, ಹತ್ತುವವರನ್ನೆಲ್ಲ ಪರೀಕ್ಷೆ ಮಾಡಿ ನೋಡುತ್ತಿದ್ದೇನೆ ಎಂದೂ ಹೆಮ್ಮೆಯಿಂದ ಹೇಳಿದ. ಹಾಕ್‌ಸು ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡ.

ಸಂತೆಯ ಅಂಚಿನಲ್ಲಿ, ನೀಲಿ ಟಾರ್ಪಾಲಿನ ಕೆಳಗೆ, ದೊಡ್ಡ ಹಂಡೆಯಲ್ಲಿ ಒಣ ಮೂಲಂಗಿ ಸೊಪ್ಪಿನ ಸಾರು ಕುದಿಯುತ್ತಿತ್ತು. ಒಲೆಯ ಪಕ್ಕದಲ್ಲಿ ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ಮಲ್‌ಸುನ್ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಯಾರೂ ಹೇಳಿರಲಿಲ್ಲವಂತೆ, ಬೆಳ್ಳುಳ್ಳಿ ಕಂಡ ಕೂಡಲೇ ಬುಟ್ಟಿ ಎಳೆದುಕೊಂಡಿದ್ದಳಂತೆ. ಹಾಕ್‌ಸು ಜನರನ್ನು ತಳ್ಳಿಕೊಂಡು ಓಡಿ ತಾಯಿಯ ತೋಳು ಹಿಡಿದ. ನಾನು ಕೋಟು ತರಲು ಲಾರಿಯ ಹಿಂಬದಿಗೆ ಹೋದೆ.

"ಅಮ್ಮ, ಬಾ ಹೋಗಣ."

ಮಲ್‌ಸುನ್ ಬೆಚ್ಚಿ ಕೈ ಕಿತ್ತುಕೊಂಡಳು. ಬೊಂಗ್‌ಜಾ ಸೌಟು ಅಡ್ಡ ಹಿಡಿದಳು. ಗಟ್ಟಿ ಹೆಂಗಸು, ಮೊಣಕೈತನಕ ರಬ್ಬರ್ ಗ್ಲೌಸು.

"ಯಾರಪ್ಪ ನೀನು, ಮುದುಕಿ ಮೈ ಮುಟ್ತೀಯ?"

"ನಮ್ಮಮ್ಮ ಕಣಮ್ಮ ಇವ್ರು. ಕಳೆದೋಗಿದ್ರು."

ಬೊಂಗ್‌ಜಾ ಅವನ ಮುಖ ನೋಡಿದಳು. "ತಡಿ ತಡಿ, ನೀವು ಬ್ಯಾನರ್‌ನಲ್ಲಿರೋರು ತಾನೆ? ನಮ್ಮ ಸಹಕಾರ ಸಂಘಕ್ಕೆ ನಿಲ್ತಿರೋರು. ನಿಮ್ಮಮ್ಮ ಕಳೆದೋಗಿರೋದು ನಮಗೆಲ್ಲ ಗೊತ್ತು, ಆಗ್ಲಿಂದ ಹುಡುಕ್ತಾ ಇದ್ದೀವಿ." ಏಪ್ರನ್ನಿನ ಜೇಬಿನಿಂದ ಫೋನ್ ತೆಗೆದು ಗಟ್ಟಿಯಾಗಿ ಓದಿದಳು. "ಕೆನೆಬಣ್ಣದ ಉಣ್ಣೆ ಕೋಟು, ತುಪ್ಪಳದ ಟೋಪಿ, ಚರ್ಮದ ಬೂಟು. ಐವತ್ತೆರಡು ಕಿಲೋ. ಇದನ್ನ ನೋಡಿ, ಮೂಟೆ ಎತ್ತಿದಂಗೆ ಎತ್ತಿ ಕೂರಿಸ್ದೆ ನಾನು, ಮೂಟೇನಾದ್ರೂ ಭಾರ ಇರ್ತಿತ್ತು. ನಿಮ್ಮಂಥೋರ ತಾಯಿ ಹಿಂಗಿರ್ತಾರಾ?"

ಮೀನು ಮಾರುವವರು, ಕಡಲಪಾಚಿ ಮಾರುವವರು ಎಲ್ಲ ಸುತ್ತ ನಿಂತರು. ಬಹುಪಾಲು ಹೆಂಗಸರು, ನೇರಳೆ ಜಾಕೆಟ್ಟಿನವರು, ಎಲ್ಲರೂ ಸಂಘದ ಸದಸ್ಯರು. ಹಾಕ್‌ಸು ಒಮ್ಮೆ ಅವರ ಮುಖಗಳನ್ನು ನೋಡಿದ. ಹಳೆಯ ಚಾಳಿ ತಲೆ ಎತ್ತಿತು.

"ಕೋಟು ಹಾಕ್ಕೊಂಡೇ ಹೊರಟಿದ್ರು. ದಾರೀಲಿ ಯಾರೋ ಕಿತ್ಕೊಂಡಿರ್ಬೇಕು," ಅಂದ.

ಅಷ್ಟು ಹೊತ್ತಿಗೆ ಸರಿಯಾಗಿ ನಾನು ಕೋಟನ್ನು ಕೈಮೇಲೆ ಹಾಕಿಕೊಂಡು ಗುಂಪಿನ ನಡುವೆ ಬಂದು ನಿಂತೆ. ಬೇಕೆಂದು ಮಾಡಿದ್ದಲ್ಲ. ಬೇಕೆಂದರೆ ಇಷ್ಟು ಚೆನ್ನಾಗಿ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಬೊಂಗ್‌ಜಾ ಕೋಟನ್ನು ನೋಡಿದಳು, ಫೋನನ್ನು ನೋಡಿದಳು, ನನ್ನನ್ನು ನೋಡಿದಳು.

"ಕಿತ್ಕೊಂಡೋರು ಇವ್ರೇನಾ?"

"ಅಲ್ಲಮ್ಮ. ಬೀರುವಿನಿಂದ ತಂದೆ, ಆಕೆಗೆ ಹೊದಿಸೋಣ ಅಂತ."

"ಅಂದ್ರೆ ಕೋಟು ಮನೇಲೇ ಇತ್ತಾ?"

"ಇತ್ತು."

ಯಾರೂ ನಗಲಿಲ್ಲ. ನಕ್ಕಿದ್ದರೆ ಹಾಕ್‌ಸುವಿಗೆ ಅದನ್ನು ತಡೆದುಕೊಳ್ಳುವ ಅಭ್ಯಾಸವಿತ್ತು. ಇಷ್ಟು ಹೊತ್ತು ಯಾರದ್ದೋ ಸಿರಿವಂತ ಅಮ್ಮನಿಗಾಗಿ ಸಂತೆಯೆಲ್ಲ ಕಣ್ಣಾಡಿಸಿದ ಹೆಂಗಸರು ಈಗ ಮಲ್‌ಸುನ್ ಕಡೆ ತಿರುಗಿ ಸುಮ್ಮನೆ ನೋಡಿದರು. ನಾನು ಇಬ್ಬರನ್ನೂ ಬಲ್ಲೆ, ತಾಯಿ ಮಗ ಹೌದು ಎಂದು ಹೇಳಿದೆ. ನೀವೂ ಅವರ ಜೊತೆಗೇ ಬಂದೋರು ತಾನೆ ಎಂದು ಬೊಂಗ್‌ಜಾ ನನ್ನ ಬಾಯಿ ಮುಚ್ಚಿಸಿದಳು. ಪೊಲೀಸರು ಬರಲಿ, ಬಂದು ಬೆರಳಚ್ಚು ನೋಡಲಿ, ಅಲ್ಲಿವರೆಗೆ ಅಜ್ಜಿ ನನ್ನದು ಅಂದಳು. ಕೋಟನ್ನು ಮಾತ್ರ ಇಸಿದುಕೊಂಡು ಮಲ್‌ಸುನ್ ಹೆಗಲಿಗೆ ಹಾಕಿದಳು. ಮಲ್‌ಸುನ್ ಅದನ್ನು ತೆಗೆದು, ಮಡಿಸಿ, ಯಾರದ್ದೋ ಒಳ್ಳೆ ಕೋಟು, ಸಾರು ಬಿದ್ದೀತು ಎಂದು ದೂರ ಇಟ್ಟಳು.

ಹಾಕ್‌ಸು ಅಲ್ಲೇ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತಾಯಿಯ ಎದುರು ಕೂತ. ಮಲ್‌ಸುನ್ ಬೆಳ್ಳುಳ್ಳಿ ಬಿಡಿಸುತ್ತಾ ಅವನನ್ನು ಓರೆಗಣ್ಣಿನಿಂದ ನೋಡಿ, ಬೊಂಗ್‌ಜಾಗೆ ಕೇಳಿದಳು.

"ಯಾರಮ್ಮ ಇವ್ನು? ಯಾಕೆ ಅಳ್ತಾವ್ನೆ?"

"ತಾಯೀನ ಕಳ್ಕೊಂಡವ್ನಂತೆ ಕಣಜ್ಜಿ."

"ಅಯ್ಯೋ ಪಾಪ. ಊಟ ಮಾಡಿದ್ದಾನಾ ಕೇಳು. ಅವನಿಗೂ ಒಂದು ಬಟ್ಟಲು ಬಡಿಸು."

ಬೊಂಗ್‌ಜಾ ಸಾರಿನೊಳಗೆ ಅನ್ನ ಹಾಕಿ ಬಟ್ಟಲನ್ನು ಅವನ ಮುಂದಿಟ್ಟಳು. ಅವನು ಚಮಚ ಮುಟ್ಟಲಿಲ್ಲ. ಮಲ್‌ಸುನ್ ಪೆಟ್ಟಿಗೆಯನ್ನು ಸ್ವಲ್ಪ ಅವನ ಹತ್ತಿರಕ್ಕೆ ಎಳೆದುಕೊಂಡಳು.

"ನಿಮ್ಮಮ್ಮ ಏನ್ ಬಟ್ಟೆ ಹಾಕ್ಕೊಂಡಿದ್ಲು ಮಗ? ಹೇಳು, ನಾನೂ ಒಂದು ಕಣ್ಣಿಟ್ಟಿರ್ತೀನಿ. ಈ ದಾರೀಲಿ ಬೇಜಾನ್ ಜನ ಓಡಾಡ್ತಾರೆ."

ಹಾಕ್‌ಸು ಸುತ್ತ ನಿಂತವರ ಕಡೆ ನೋಡಲಿಲ್ಲ. ತಾಯಿಯ ಕಾಲಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ನೋಡುತ್ತಾ ಹೋದ.

"ರಬ್ಬರ್ ಚಪ್ಪಲಿ," ಅಂದ. "ಎಡಗಾಲಿಂದು ಹಿಮ್ಮಡಿ ಹತ್ರ ಹರಿದಿದೆ. ಬೆಳ್ಳುಳ್ಳಿ ಗೊಂಚಲು ಕಟ್ಟೋ ದಾರದಲ್ಲಿ ಬಿಗಿದವ್ರೆ. ಒಂದು ಕಾಲುಚೀಲ ಬೂದಿ ಬಣ್ಣದ್ದು, ಗಂಡಸರ್ದು, ನಂದೇ ಇರ್ಬೇಕು. ಇನ್ನೊಂದು ಕಾಲಿಗೆ ಕಾಲುಚೀಲ ಇಲ್ಲ. ಹೂವಿನ ಪೈಜಾಮ, ಮಂಡಿ ಹತ್ರ ಬೇರೆ ಬಟ್ಟೆ ತೇಪೆ. ನೇರಳೆ ಜಾಕೆಟ್ಟು. ಕಂಕುಳ ಹತ್ರ ಹತ್ತಿ ಆಚೆ ಬಂದಿದೆ, ಮೇಲಿನ ಗುಂಡಿ ಇಲ್ಲ. ಕೈಬೆರಳೆಲ್ಲ ಸೀಳಿದೆ. ತೂಕ ನಂಗೊತ್ತಿಲ್ಲ. ತುಂಬಾ ಸಣ್ಣ ಆಗವ್ರೆ."

ಮಲ್‌ಸುನ್ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಬುಟ್ಟಿಗೆ ಹಾಕಿ, ಅವನ ಮುಖ ನೋಡಿದಳು.

"ಇಷ್ಟೇ ಬಟ್ಟೇಲಿ ಈ ಚಳೀಗೆ ಹೊರಟವ್ಳನ್ನ," ಎಂದು ಕೇಳಿದಳು, "ಮನೇಲಿ ಯಾರೂ ನೋಡ್ಲಿಲ್ವಾ ಮಗ?"